ಸುಡಾನ್ ಯುದ್ಧ (2023ರಿಂದ)

ಈಶಾನ್ಯ ಆಫ್ರಿಕದ ಸುಡಾನ್ ದೇಶದಲ್ಲಿ 2023ರ ಏಪ್ರಿಲ್ 15ರಂದು ಆರಂಭವಾಗಿ ಇನ್ನೂ ನಿಲ್ಲದ ಅಂತರ್ಯುದ್ಧ. ಒಂದು ಕಡೆ ಜನರಲ್ ಅಬ್ದುಲ್ ಫತಾಹ್ ಅಲ್ ಬುರ್ಹಾನ್ ನೇತೃತ್ವದ ಸುಡಾನ್ ಸೇನೆ. ಎದುರಿಗೆ ಹೆಮೆದ್ತಿ ಎಂದೇ ಹೆಸರಾದ ಮೊಹಮದ್ ಹಮ್ದಾನ್ ದಗಾಲೊನ ಅರೆಸೇನಾ ಪಡೆ. ಕ್ಷಿಪ್ರ ನೆರವು ಪಡೆ ಎಂಬುದು ಅದರ ಪೂರ್ಣ ಹೆಸರು, ಸುದ್ದಿಗಳಲ್ಲಿ ಆರ್‌ಎಸ್‌ಎಫ್. ಸುಮಾರು 5 ಕೋಟಿ ಜನಸಂಖ್ಯೆಯ ನಾಡಿನಲ್ಲಿ ಸುಮಾರು 1.2 ಕೋಟಿ ಜನ ಮನೆ ಬಿಟ್ಟು ಓಡಿದ್ದಾರೆ. ಅಂದರೆ ನಾಲ್ವರಲ್ಲಿ ಒಬ್ಬರು. ಇಂದಿನ ಜಗತ್ತಿನ ಅತಿ ದೊಡ್ಡ ಸ್ಥಳಾಂತರ ಇದೇ ಎಂದು ವಿಶ್ವಸಂಸ್ಥೆ ಹೇಳುತ್ತದೆ. ಇಲ್ಲಿನ ವಿವರಗಳು 2025ರ ಅಂತ್ಯದವರೆಗಿನವು.

ಇಬ್ಬರು ಜನರಲ್‌ಗಳ ಅಧಿಕಾರದ ಜಗಳ ಎಂದು ಹೇಳಿ ಈ ಯುದ್ಧದ ಮಾತು ಮುಗಿಸುವವರು ಬಹಳ. ಯುದ್ಧ ಯಾಕೆ ಹೊತ್ತಿಕೊಂಡಿತು ಎಂಬುದಕ್ಕೆ ಆ ಮಾತು ಸಾಕಾಗಬಹುದು. ಅದು ಹೇಗೆ ನಡೆಯುತ್ತಿದೆ ಎಂಬುದಕ್ಕೆ ಸಾಲದು. ಎರಡೂ ಪಡೆಗಳು ಒಂದನ್ನೊಂದು ಕೊಂದದ್ದಷ್ಟೇ ಅಲ್ಲ, ಜನರನ್ನೂ ಕೊಂದಿವೆ, ಅದಕ್ಕಿಂತಲೂ ಹೆಚ್ಚು ಜನರನ್ನು ಹಸಿವೆಗೆ ದೂಡಿವೆ. ಹೊಲ, ಕಣಜ, ಸಂತೆ, ಲಾರಿ ಸಾಗುವ ದಾರಿ, ಗಂಜಿ ಕೇಂದ್ರ ಎಲ್ಲವೂ ಇಲ್ಲಿ ರಣರಂಗವೇ.

ಹಿನ್ನೆಲೆ

ಸುಡಾನ್ ಸ್ವತಂತ್ರವಾದದ್ದು 1956ರ ಜನವರಿ 1ರಂದು. ಅದಕ್ಕೆ ಮುಂಚೆ ನಡೆದ ಮೊದಲ ಸಂಸತ್ ಚುನಾವಣೆಯ ಆಯೋಗಕ್ಕೆ ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಧ್ಯಕ್ಷರಾಗಿದ್ದರು. ಅಷ್ಟು ಅಚ್ಚುಕಟ್ಟಾಗಿ ಆರಂಭವಾದ ಮತದಾನದ ಪದ್ಧತಿಯನ್ನು ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬುವ ಮೊದಲೇ ಸೇನೆ ಪಕ್ಕಕ್ಕೆ ತಳ್ಳಿತು. 1958, 1969, 1989ರ ಸೇನಾದಂಗೆಗಳು ಒಂದರ ಹಿಂದೊಂದು ಬಂದವು. ಕೊನೆಯದರಲ್ಲಿ ಗದ್ದುಗೆ ಏರಿದ ಒಮರ್ ಅಲ್ ಬಷೀರ್ 30 ವರ್ಷ ಆಳಿದ. ನೈಲ್ ನದಿಯ ದಂಡೆಯ ಊರುಗಳಿಗೆ ಅಧಿಕಾರ ಮತ್ತು ದುಡ್ಡು, ದೂರದ ಡಾರ್ಫರ್, ಕೊರ್ದೊಫಾನ್, ದಕ್ಷಿಣದ ಸೀಮೆಗಳಿಗೆ ಸೈನ್ಯ: ಸ್ವಾತಂತ್ರ್ಯದ ನಂತರದ ಸರ್ಕಾರಗಳು ಹೆಚ್ಚುಕಡಿಮೆ ಹೀಗೇ ನಡೆದುಕೊಂಡವು. ದಕ್ಷಿಣ ಸುಡಾನ್ 2011ರ ಜುಲೈ 9ರಂದು ಬೇರೆಯಾದಾಗ ತೈಲದ ಆದಾಯದ ಮುಕ್ಕಾಲು ಪಾಲು ಅದರೊಂದಿಗೇ ಹೋಯಿತು. ಉಳಿದ ಸುಡಾನ್ ಚಿನ್ನದ ಗಣಿಗಳತ್ತ ಕಣ್ಣು ಹಾಯಿಸಿತು.

ಈಗಿನ ಯುದ್ಧದ ಬೇರು ಡಾರ್ಫರಿನಲ್ಲಿದೆ. 2003ರಲ್ಲಿ ಅಲ್ಲಿನ ಬಂಡುಕೋರರು ಆಯುಧ ಎತ್ತಿದಾಗ ಬಷೀರ್ ಸರ್ಕಾರ ಅರಬ್ ಮೂಲದ ಪಶುಪಾಲಕ ಬುಡಕಟ್ಟುಗಳ ಯುವಕರಿಗೆ ಬಂದೂಕು ಕೊಟ್ಟು ಕೃಷಿಕ ಬುಡಕಟ್ಟುಗಳ ಮೇಲೆ ಛೂ ಬಿಟ್ಟಿತು. ಜಂಜವೀದ್ ಎಂಬ ಆ ಸವಾರರ ದಂಡು ಫುರ್, ಮಸಾಲಿತ್, ಝಘಾವಾ ಜನರ ಹಳ್ಳಿಗಳನ್ನು ಸಾಲುಸಾಲಾಗಿ ಸುಟ್ಟಿತು. ಸತ್ತವರು 3 ಲಕ್ಷದವರೆಗೆ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2009ರಲ್ಲಿ ಬಷೀರನ ಬಂಧನಕ್ಕೆ ವಾರಂಟ್ ಹೊರಡಿಸಿತು, ಮರುವರ್ಷ ನರಮೇಧದ ಆರೋಪವನ್ನೂ ಸೇರಿಸಿತು. ಅವನು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬದಲಿಗೆ 2013ರಲ್ಲಿ ಅದೇ ದಂಡುಗಳನ್ನು ಒಟ್ಟುಗೂಡಿಸಿ ಆರ್‌ಎಸ್‌ಎಫ್ ಎಂದು ಹೆಸರಿಟ್ಟ. 2017ರಲ್ಲಿ ಕಾನೂನಿನ ಮಾನ್ಯತೆ ಕೊಡಿಸಿದ. ಒಂಟೆ ವ್ಯಾಪಾರದ ಮನೆತನದಿಂದ ಬಂದ ಹೆಮೆದ್ತಿ ಅದರ ದಳಪತಿ. ಡಾರ್ಫರಿನ ಜೆಬೆಲ್ ಆಮಿರ್ ಚಿನ್ನದ ಗಣಿ ಅವನ ಕೈಗೆ ಬಂದಮೇಲೆ ಪಡೆಯ ಸಂಬಳಕ್ಕೆ ರಾಜಧಾನಿ ಖಾರ್ಟೂಮಿನ ಖಜಾನೆಯತ್ತ ನೋಡುವ ಅಗತ್ಯ ಉಳಿಯಲಿಲ್ಲ. ಒಂದೇ ದೇಶದಲ್ಲಿ ಎರಡು ಸೈನ್ಯ ನೆಲೆಯೂರಿದ್ದು ಹೀಗೆ. ಬಷೀರ್ ತನ್ನ ಜನರಲ್‌ಗಳಿಂದ ತನ್ನನ್ನು ಕಾಯಲೆಂದು ಸಾಕಿದ ಪಡೆ ಇದು.

2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆ ಏರಿದ್ದಕ್ಕೆ ರೈಲ್ವೆ ಕಾರ್ಮಿಕರ ಊರಾದ ಅತ್ಬಾರಾ ಮುಂತಾದೆಡೆ ಎದ್ದ ಪ್ರತಿಭಟನೆ ಕೆಲವೇ ತಿಂಗಳಲ್ಲಿ ಬಷೀರನನ್ನು ಕೆಳಗಿಳಿಸಿತು. ವೈದ್ಯರು, ಶಿಕ್ಷಕರು, ವಕೀಲರು, ಬಡಾವಣೆಗಳ ಪ್ರತಿರೋಧ ಸಮಿತಿಗಳು, ಎಲ್ಲಕ್ಕಿಂತ ಮುಂದೆ ಹೆಂಗಸರು ಬೀದಿಗಿಳಿದ ಚಳವಳಿ ಅದು. 2019ರ ಏಪ್ರಿಲ್ 11ರಂದು ಸೇನೆ ಬಷೀರನನ್ನು ಬಂಧಿಸಿತು. ಜೂನ್ 3ರಂದು, ಅಧಿಕಾರವನ್ನು ನಾಗರಿಕರಿಗೆ ಬಿಟ್ಟುಕೊಡಿ ಎಂದು ಸೇನಾ ಕೇಂದ್ರ ಕಚೇರಿಯ ಎದುರು ಧರಣಿ ಕೂತಿದ್ದವರ ಮೇಲೆ ಭದ್ರತಾ ಪಡೆಗಳು ಎರಗಿದವು. ಆರ್‌ಎಸ್‌ಎಫ್ ಮುಂಚೂಣಿಯಲ್ಲಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟಾದರೂ ಜನ ಮಣಿಯಲಿಲ್ಲ. ಅರ್ಥಶಾಸ್ತ್ರಜ್ಞ ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾಗಿ ಅಧಿಕಾರ ಹಂಚಿಕೆಯ ಸರ್ಕಾರ ಬಂತು. 2021ರ ಅಕ್ಟೋಬರ್ 25ರಂದು ಬುರ್ಹಾನ್ ಮತ್ತು ಹೆಮೆದ್ತಿ ಇಬ್ಬರೂ ಕೂಡಿಯೇ ಆ ಸರ್ಕಾರವನ್ನು ಉರುಳಿಸಿದರು. ಇಂದಿನ ವೈರಿಗಳು ಅಂದು ಪಾಲುದಾರರಾಗಿದ್ದರು ಎಂಬುದನ್ನು ಈ ಯುದ್ಧದ ಓದುಗರು ಮರೆಯಬಾರದು.

ನಾಗರಿಕ ಆಡಳಿತಕ್ಕೆ ಮರಳಲು 2022ರ ಡಿಸೆಂಬರ್ 5ರಂದು ಒಂದು ಚೌಕಟ್ಟು ಒಪ್ಪಂದ ಆಯಿತು. ಆರ್‌ಎಸ್‌ಎಫ್ ಸೇನೆಯೊಳಗೆ ವಿಲೀನವಾಗಬೇಕೆಂಬ ಮಾತು ಅದರಲ್ಲಿತ್ತು. ಎಷ್ಟು ವರ್ಷದಲ್ಲಿ? ಎರಡು ಎಂದಿತು ಸೇನೆ, ಹತ್ತು ಎಂದ ಹೆಮೆದ್ತಿ. ಆ ಚೌಕಾಸಿ ಮುಗಿಯುವ ಮೊದಲೇ ಗುಂಡು ಹಾರಿತು.

ಖಾರ್ಟೂಮಿನಿಂದ ಗೆಜಿರಾದವರೆಗೆ

ಅದು ರಂಜಾನಿನ ಕೊನೆಯ ದಿನಗಳು. ನೀಲಿ ನೈಲ್ ಮತ್ತು ಬಿಳಿ ನೈಲ್ ಕೂಡುವ ಕಡೆ ಖಾರ್ಟೂಮ್, ಓಮ್‌ಡುರ್ಮನ್, ಬಹ್ರಿ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸ್ವಾತಂತ್ರ್ಯದ ನಂತರದ ಯುದ್ಧಗಳು ಬಹುಪಾಲು ಗಡಿಯ ಸೀಮೆಗಳಲ್ಲಿ ನಡೆದಿದ್ದವು. ರಾಜಧಾನಿಯೇ ಹೀಗೆ ದೀರ್ಘ ಕಾಲ ರಣರಂಗವಾದದ್ದು ಅವುಗಳಲ್ಲಿ ಇದೇ ಮೊದಲು. ಆರ್‌ಎಸ್‌ಎಫ್ ವಿಮಾನ ನಿಲ್ದಾಣವನ್ನೂ ಅಧ್ಯಕ್ಷರ ಅರಮನೆಯನ್ನೂ ಹಿಡಿದು, ಜನವಸತಿಯ ಬೀದಿಗಳಲ್ಲಿ ಹರಡಿಕೊಂಡಿತು. ಮನೆಗಳಿಂದ ಜನರನ್ನು ಹೊರದಬ್ಬಿ ಅಲ್ಲೇ ಠಾಣೆ ಹಾಕಿತು. ಸೇನೆಯ ಬಳಿ ಯುದ್ಧವಿಮಾನ, ಫಿರಂಗಿ, ಟ್ಯಾಂಕುಗಳಿದ್ದವು. ಬೀದಿಗಿಳಿದು ಕಾದುವ ಕಾಲಾಳುಗಳು ಕಡಿಮೆ. ಹಾಗಾಗಿ ಅದು ಮೇಲಿನಿಂದ ಬಾಂಬು ಹಾಕಿತು. ಮಷಿನ್‌ಗನ್ ಕೂರಿಸಿದ ಪಿಕಪ್ ವಾಹನಗಳಲ್ಲಿ ಮಿಂಚಿನಂತೆ ನುಗ್ಗುವುದು ಆರ್‌ಎಸ್‌ಎಫ್ ವಿದ್ಯೆ. ಹಿಡಿದ ಊರನ್ನು ಆಳುವುದು ಅದಕ್ಕೆ ಗೊತ್ತಿಲ್ಲ, ಲೂಟಿ ಮಾಡುವುದು ಗೊತ್ತು. ಕುಶ್ ರಾಜ್ಯದ ಕಾಲದ ಪ್ರಾಚ್ಯವಸ್ತುಗಳಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಬರಿದಾಯಿತು.

ಕರ್ನಾಟಕದ ಜನ ಈ ಯುದ್ಧದ ಹೆಸರು ಕೇಳಿದ್ದು ಹಕ್ಕಿಪಿಕ್ಕಿ ಸಮುದಾಯದವರಿಂದ. ಗಿಡಮೂಲಿಕೆಯ ಔಷಧಿ, ತಲೆಗೂದಲಿನ ಎಣ್ಣೆ ಮಾರುತ್ತ ಆಫ್ರಿಕದ ಊರೂರು ತಿರುಗುವ ಈ ಸಮುದಾಯದ 31 ಮಂದಿ ಡಾರ್ಫರಿನ ಎಲ್ ಫಶೇರ್ ಪಟ್ಟಣದ ಬಾಡಿಗೆ ಮನೆಯಲ್ಲಿ ಅನ್ನನೀರಿಲ್ಲದೆ ಸಿಕ್ಕಿಬಿದ್ದಿದ್ದಾರೆಂಬ ಸುದ್ದಿ ವಿಧಾನಸಭಾ ಚುನಾವಣೆಯ ಕಾವಿನ ನಡುವೆ ಬಂತು. ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವೆ ಟ್ವಿಟರಿನಲ್ಲಿ ವಾಗ್ವಾದವೂ ಆಯಿತು. ಏಪ್ರಿಲ್ 24ರಂದು ಭಾರತ ಸರ್ಕಾರ ಆಪರೇಷನ್ ಕಾವೇರಿ ಆರಂಭಿಸಿತು. ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜಿದ್ದಾಕ್ಕೆ, ಅಲ್ಲಿಂದ ತಾಯ್ನಾಡಿಗೆ, ಸುಮಾರು 3,800 ಜನ ಮರಳಿದರು. ಹಕ್ಕಿಪಿಕ್ಕಿಗಳು ಊರು ಸೇರಿದರು. ಅವರು ಎಣ್ಣೆ ಮಾರುತ್ತಿದ್ದ ಎಲ್ ಫಶೇರಿನ ಜನಕ್ಕೆ ಅಂಥ ಹಡಗು ಬರಲಿಲ್ಲ. ಆ ಊರಿನ ಗತಿ ಮುಂದೆ ಹೇಳಬೇಕಾದದ್ದು.

ಆರ್‌ಎಸ್‌ಎಫ್ ತನ್ನ ತವರಾದ ಡಾರ್ಫರಿನಲ್ಲಿ ಹಳೆಯ ಲೆಕ್ಕ ಚುಕ್ತಾ ಮಾಡಲು ಹೊರಟಿತು. ಚಾಡ್ ಗಡಿಯ ಎಲ್ ಜೆನೀನಾದಲ್ಲಿ 2023ರ ಏಪ್ರಿಲಿನಿಂದ ಜೂನ್‌ವರೆಗೆ ಮಸಾಲಿತ್ ಜನರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ಈ ಕೊಲೆಗಳನ್ನು ನರಮೇಧ ಎಂದು ಕರೆದ ಪಶ್ಚಿಮ ಡಾರ್ಫರ್ ರಾಜ್ಯಪಾಲ ಖಮೀಸ್ ಅಬಕರ್ ಅವರನ್ನೂ ಜೂನ್ 14ರಂದು ಸೆರೆಹಿಡಿದು ಕೊಂದರು. ಮರುದಿನಗಳಲ್ಲಿ ಅಡ್ರೆ ಎಂಬ ಗಡಿಯೂರಿನತ್ತ ನಡೆದು ಹೊರಟ ಸಾವಿರಾರು ಜನರನ್ನು ದಾರಿಯುದ್ದಕ್ಕೂ ಗುಂಡಿಕ್ಕಲಾಯಿತು. ಆ ವರ್ಷ ಈ ಒಂದೇ ಊರಿನಲ್ಲಿ ಸತ್ತವರು 10,000ದಿಂದ 15,000 ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಗೆ ಸಿಕ್ಕ ಅಂದಾಜು. ವರ್ಷ ಮುಗಿಯುವುದರೊಳಗೆ ಡಾರ್ಫರಿನ ಐದು ಪ್ರಾಂತಗಳಲ್ಲಿ ನಾಲ್ಕರ ರಾಜಧಾನಿಗಳು ಆರ್‌ಎಸ್‌ಎಫ್ ವಶವಾದವು.

ಡಿಸೆಂಬರಿನಲ್ಲಿ ಗೆಜಿರಾ ಪ್ರಾಂತದ ವಾದ್ ಮದನಿ ಹೆಚ್ಚು ಪ್ರತಿರೋಧವಿಲ್ಲದೆ ಬಿತ್ತು. ಖಾರ್ಟೂಮಿನಿಂದ ಓಡಿಬಂದ ಲಕ್ಷಾಂತರ ಜನ ಅಲ್ಲಿಂದಲೂ ಮತ್ತೆ ಓಡಬೇಕಾಯಿತು. ಬ್ರಿಟಿಷರು 1925ರಲ್ಲಿ ಸೆನ್ನಾರ್ ಅಣೆಕಟ್ಟೆ ಕಟ್ಟಿ ಹತ್ತಿ ಬೆಳೆಯಲು ನೀರು ಹರಿಸಿದ ಗೆಜಿರಾ ಆಫ್ರಿಕದ ಅತಿ ದೊಡ್ಡ ನೀರಾವರಿ ಯೋಜನೆಗಳಲ್ಲೊಂದು. ಸುಡಾನಿನ ಅನ್ನದ ಕಣಜ. ಟ್ರ್ಯಾಕ್ಟರು, ಬಿತ್ತನೆ ಬೀಜ, ಗೊಬ್ಬರ, ದಾಸ್ತಾನು ಯಾವುದನ್ನೂ ಆರ್‌ಎಸ್‌ಎಫ್ ಬಿಡಲಿಲ್ಲ.

ಸೇನೆ ಚೇತರಿಸಿಕೊಂಡದ್ದು 2024ರಲ್ಲಿ. ಬಷೀರ್ ಕಾಲದ ಇಸ್ಲಾಮಿ ಸಂಘಟನೆಗಳ ಯುವಕರು, ಡಾರ್ಫರಿನ ಹಳೆಯ ಬಂಡುಕೋರ ಬಣಗಳು ಅದರ ಜೊತೆ ನಿಂತವು. ಇರಾನ್ ಮತ್ತು ಟರ್ಕಿ ತಯಾರಿಕೆಯ ಡ್ರೋನ್‌ಗಳು ಕೈಗೆ ಬಂದವು. 2025ರ ಜನವರಿ 11ರಂದು ವಾದ್ ಮದನಿ, ಮಾರ್ಚ್ 21ರಂದು ಖಾರ್ಟೂಮಿನ ಅರಮನೆ ಸೇನೆಯ ಕೈಸೇರಿತು. ಮೇ ತಿಂಗಳಲ್ಲಿ ಇಡೀ ಖಾರ್ಟೂಮ್ ಪ್ರಾಂತ ಮುಕ್ತವಾಯಿತೆಂದು ಘೋಷಣೆ ಬಂತು. ಗೆದ್ದ ಊರುಗಳಲ್ಲಿ ಸೇನೆಯ ಕಡೆಯವರೂ ಸೇಡು ತೀರಿಸಿಕೊಂಡರು. ಗೆಜಿರಾದ ಹೊಲಗಳಲ್ಲಿ ತಲೆಮಾರುಗಳಿಂದ ಕೂಲಿ ಮಾಡುತ್ತ ಬಂದ ಪಶ್ಚಿಮ ಸುಡಾನ್ ಮೂಲದ ಜನರ ಗುಡಿಸಲುಗಳ ಮೇಲೆ ಶತ್ರುವಿಗೆ ನೆರವಾದರೆಂಬ ಆರೋಪ ಹೊರಿಸಿ ದಾಳಿ ನಡೆಯಿತು. ಉತ್ತರ ಡಾರ್ಫರಿನ ಕಬ್ಕಾಬಿಯಾ ಊರಿನಲ್ಲಿ 2024ರ ಡಿಸೆಂಬರ್ 9ರ ಸಂತೆಯ ಮೇಲೆ ಸೇನೆಯ ವಿಮಾನಗಳು ಹಾಕಿದ ಬಾಂಬಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಆರ್‌ಎಸ್‌ಎಫ್ ಕ್ರೌರ್ಯದ ಪ್ರಮಾಣ ದೊಡ್ಡದು, ನಿಜ. ಅದರಿಂದ ಸೇನೆಯ ಕೈ ಶುದ್ಧವಾಗುವುದಿಲ್ಲ.

ಎಲ್ ಫಶೇರ್

ಡಾರ್ಫರಿನಲ್ಲಿ ಸೇನೆಗೆ ಉಳಿದ ಒಂದೇ ದೊಡ್ಡ ನೆಲೆ ಉತ್ತರ ಡಾರ್ಫರಿನ ರಾಜಧಾನಿ ಎಲ್ ಫಶೇರ್. 2024ರ ಏಪ್ರಿಲ್–ಮೇ ಹೊತ್ತಿಗೆ ಆರ್‌ಎಸ್‌ಎಫ್ ಅದಕ್ಕೆ ಮುತ್ತಿಗೆ ಹಾಕಿತು. ಮುತ್ತಿಗೆ ತೆಗೆಯಬೇಕೆಂದು ಜೂನ್‌ನಲ್ಲಿ ಭದ್ರತಾ ಮಂಡಳಿ ನಿರ್ಣಯ ಮಾಡಿತು. ಆ ನಿರ್ಣಯದ ನಂತರವೂ ಮುತ್ತಿಗೆ ಒಂದು ವರ್ಷ ನಾಲ್ಕು ತಿಂಗಳು ನಡೆಯಿತು. ಊರ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಲಕ್ಷಾಂತರ ನಿರಾಶ್ರಿತರಿದ್ದರು; ಅಲ್ಲಿ ಕ್ಷಾಮ ಕಾಲಿಟ್ಟಿದೆ ಎಂದು 2024ರ ಆಗಸ್ಟ್ 1ರಂದು ಹಸಿವಿನ ಮಟ್ಟ ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆಯ ತಜ್ಞರ ಸಮಿತಿ ದೃಢಪಡಿಸಿತು. 2025ರ ಏಪ್ರಿಲಿನಲ್ಲಿ ಆರ್‌ಎಸ್‌ಎಫ್ ಶಿಬಿರವನ್ನೇ ನುಂಗಿತು.

ಆಮೇಲೆ ಊರಿನ ಸುತ್ತ ಮಣ್ಣಿನ ದಿಬ್ಬ ಏಳತೊಡಗಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ದಿನದಿನವೂ ಅದರ ಉದ್ದ ಅಳೆದು ಜಗತ್ತಿಗೆ ತಿಳಿಸಿದರು. ಆಗಸ್ಟ್ ಕೊನೆಗೇ ಅದು 30 ಕಿಲೋಮೀಟರ್ ದಾಟಿತ್ತು. ಒಳಗೆ ಧಾನ್ಯ ಹೋಗುವಂತಿಲ್ಲ, ಹೊರಗೆ ಮನುಷ್ಯರು ಬರುವಂತಿಲ್ಲ. ಒಳಗಿದ್ದ ಎರಡೂವರೆ ಲಕ್ಷದಷ್ಟು ಜನರಲ್ಲಿ ಅರ್ಧದಷ್ಟು ಮಕ್ಕಳು. ಎಣ್ಣೆ ತೆಗೆದ ಮೇಲೆ ಉಳಿಯುವ, ದನಕರುಗಳಿಗೆ ಹಾಕುವ ಕಡಲೆಕಾಯಿ ಹಿಂಡಿಯನ್ನು ಜನ ನೀರಿನಲ್ಲಿ ಕಲಸಿ ತಿಂದರು. ಕಡೆಕಡೆಗೆ ಅದೂ ಸಿಗದಾಯಿತು. ಸೆಪ್ಟೆಂಬರ್ 19ರ ನಸುಕಿನಲ್ಲಿ ನಮಾಜಿಗೆ ಸೇರಿದ್ದ 70ಕ್ಕೂ ಹೆಚ್ಚು ಮಂದಿ ಮಸೀದಿಯಲ್ಲೇ ಡ್ರೋನ್ ದಾಳಿಗೆ ಸತ್ತರು.

2025ರ ಅಕ್ಟೋಬರ್ 26ರಂದು ಊರು ಬಿತ್ತು. ಆಮೇಲಿನ ದಿನಗಳಲ್ಲಿ ನಡೆದದ್ದನ್ನು ಮಾಡಿದವರೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರ ಹತ್ಯೆಯಾದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ನೆಲದ ಮೇಲಿನ ಹೆಣಗಳ ಗುಂಪೂ ರಕ್ತದ ಕಲೆಯೂ ಉಪಗ್ರಹ ಚಿತ್ರಗಳಲ್ಲಿ ಕಂಡವು. ಬದುಕುಳಿದವರು ಪಶ್ಚಿಮದ ತವೀಲಾ ಊರಿಗೆ ಹತ್ತಾರು ಕಿಲೋಮೀಟರ್ ನಡೆದು ಬಂದರು. ಅವರ ಪೈಕಿ ಹೆತ್ತವರಿಲ್ಲದ ಮಕ್ಕಳು ಬಹಳ. ತಿಂಗಳುಗಟ್ಟಲೆ ಇಡೀ ಜಗತ್ತಿನ ಕಣ್ಣೆದುರೇ ಕಟ್ಟಿದ ದಿಬ್ಬ, ಮೊದಲೇ ಎಚ್ಚರಿಸಿದ ಕೊಲೆ. ತಡೆಯಲಾಗದ ಅನಿರೀಕ್ಷಿತ ದುರಂತ ಎಂದು ಇದನ್ನು ಯಾರೂ ಕರೆಯುವ ಹಾಗಿಲ್ಲ.

ನಂತರ ಯುದ್ಧ ಕೊರ್ದೊಫಾನಿಗೆ ಸರಿಯಿತು. ಜಗತ್ತಿನ ತಂಪು ಪಾನೀಯ, ಮಿಠಾಯಿ, ಔಷಧಿ ಕಾರ್ಖಾನೆಗಳಿಗೆ ಬೇಕಾದ ಜಾಲಿಯ ಗೋಂದಿನ ಬಹುಪಾಲು ಬರುವುದು ಸುಡಾನಿನಿಂದ, ಅದರಲ್ಲೂ ಈ ಸೀಮೆಯಿಂದ. ಡಿಸೆಂಬರ್ ಮೊದಲ ವಾರಗಳಲ್ಲಿ ಬಾಬನೂಸಾ ನೆಲೆಯನ್ನೂ ಹೆಗ್ಲಿಗ್ ತೈಲ ಕ್ಷೇತ್ರವನ್ನೂ ಆರ್‌ಎಸ್‌ಎಫ್ ಹಿಡಿಯಿತು. ಡಿಸೆಂಬರ್ 4ರಂದು ಕಲೋಗಿ ಎಂಬಲ್ಲಿ ಶಿಶುವಿಹಾರ ಮತ್ತು ಆಸ್ಪತ್ರೆಯ ಮೇಲಾದ ಡ್ರೋನ್ ದಾಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು.

ಹಸಿವು

ಜೋಳದ ರೊಟ್ಟಿ ಉಣ್ಣುವ ಉತ್ತರ ಕರ್ನಾಟಕದವರಿಗೆ ಸುಡಾನ್ ಅಷ್ಟೇನೂ ದೂರದ್ದಲ್ಲ. ಜೋಳವನ್ನು ಮನುಷ್ಯ ಬೆಳೆಯಾಗಿ ಪಳಗಿಸಿದ್ದಕ್ಕೆ ಸಿಕ್ಕಿರುವ ಅತ್ಯಂತ ಹಳೆಯ ಕುರುಹು ಪೂರ್ವ ಸುಡಾನಿನ ಕಸ್ಸಲಾ ಬಳಿಯದು, ಸುಮಾರು 5,000 ವರ್ಷದಷ್ಟು ಹಿಂದಿನದು. ಹುಳಿ ಬಂದ ಜೋಳದ ಹಿಟ್ಟನ್ನು ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ಮಾಡುವ ಕಿಸ್ರಾ ಅಲ್ಲಿನವರ ದಿನನಿತ್ಯದ ಊಟ. ಜೋಳ, ಸಜ್ಜೆ ಮುಂತಾದವುಗಳ ನಾಟಿ ತಳಿಗಳನ್ನು ಕಾಪಾಡಿಟ್ಟಿದ್ದ ವಾದ್ ಮದನಿಯ ಬೀಜ ಬ್ಯಾಂಕಿಗೂ ಲೂಟಿಕೋರರು ನುಗ್ಗಿ ಶೀತಪೆಟ್ಟಿಗೆಗಳನ್ನು ಹೊತ್ತೊಯ್ದರು, ಬೀಜವನ್ನು ನೆಲಕ್ಕೆ ಚೆಲ್ಲಿದರು. ಬೇರೆಡೆ ಉಳಿದಿದ್ದ ಮಾದರಿಗಳನ್ನು ಸುಡಾನಿನ ವಿಜ್ಞಾನಿಗಳು ಒಟ್ಟುಮಾಡಿ 2025ರ ಫೆಬ್ರವರಿಯಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರಕ್ಕೆ ಸೇರಿಸಿದರು. ಯುದ್ಧದ ನಡುವೆ ಹೀಗೆ ಬೀಜ ಉಳಿಸಿದವರ ಕೆಲಸ ಯಾವ ಸೈನಿಕನ ಶೌರ್ಯಕ್ಕೂ ಕಡಿಮೆಯದಲ್ಲ.

ಕ್ಷಾಮ ಮಳೆಯ ಕೊರತೆಯಿಂದ ಬಂದದ್ದಲ್ಲ. ಆರ್‌ಎಸ್‌ಎಫ್ ಲಾರಿಗಳನ್ನು ದೋಚಿತು, ಊರುಗಳನ್ನು ಮುತ್ತಿತು. ಸೇನೆಯ ಸರ್ಕಾರ ಚಾಡ್‌ನಿಂದ ಡಾರ್ಫರಿಗೆ ಅನ್ನ ಬರುವ ಅಡ್ರೆ ದಾರಿಯನ್ನು 2024ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಮುಚ್ಚಿತು. ಕ್ಷಾಮ ಇದೆ ಎಂಬ ವರದಿಯನ್ನೇ ಒಪ್ಪದೆ ಡಿಸೆಂಬರಿನಲ್ಲಿ ಹಸಿವಿನ ಮಟ್ಟ ಅಳೆಯುವ ಆ ಅಂತರರಾಷ್ಟ್ರೀಯ ವ್ಯವಸ್ಥೆಯಿಂದ ಹೊರನಡೆಯಿತು. ಆ ಹೊತ್ತಿಗೆ ಸುಮಾರು 2.46 ಕೋಟಿ ಜನ, ಅಂದರೆ ದೇಶದ ಅರ್ಧ, ತೀವ್ರ ಆಹಾರದ ಅಭಾವದಲ್ಲಿದ್ದರು. 2025ರ ನವೆಂಬರಿನಲ್ಲಿ ಎಲ್ ಫಶೇರ್ ಮತ್ತು ಕೊರ್ದೊಫಾನಿನ ಕದುಗ್ಲಿಯಲ್ಲೂ ಕ್ಷಾಮ ಇರುವುದು ದೃಢಪಟ್ಟಿತು.

ಜನರನ್ನು ಇಷ್ಟಾದರೂ ಉಳಿಸಿದವರು ಜನರೇ. 2019ರ ಚಳವಳಿಯ ಬಡಾವಣೆ ಸಮಿತಿಗಳ ಹುಡುಗ ಹುಡುಗಿಯರು ತುರ್ತು ಸೇವಾ ಕೊಠಡಿಗಳನ್ನು ಕಟ್ಟಿಕೊಂಡು, ತಕಾಯಾ ಎಂಬ ಗಂಜಿ ಕೇಂದ್ರಗಳಲ್ಲಿ ದೊಡ್ಡ ಹಂಡೆ ಇಟ್ಟು ಬೇಳೆ, ಜೋಳ, ಅವರೆ ಜಾತಿಯ ಕಾಳು ಬೇಯಿಸಿ ಹಂಚಿದರು. ನೀರಿನ ಪೈಪು ರಿಪೇರಿ ಮಾಡಿದರು, ಅತ್ಯಾಚಾರಕ್ಕೊಳಗಾದ ಹೆಂಗಸರಿಗೆ ಔಷಧಿ ತಲುಪಿಸಿದರು, ಹೆಣ ಹೂತರು. ದುಡ್ಡು ಬರುತ್ತಿದ್ದುದು ಹೊರದೇಶದಲ್ಲಿ ದುಡಿಯುವ ಸುಡಾನಿಗರಿಂದ ಮತ್ತು ದಾನಿ ಸಂಸ್ಥೆಗಳಿಂದ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಟ್ಟನೆ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ಗಂಜಿ ಕೇಂದ್ರಗಳ ಒಲೆ ಆರಿತು. ಈ ಸ್ವಯಂಸೇವಕರನ್ನು ಎರಡೂ ಪಡೆಗಳು ಶತ್ರುವಿನ ಗೂಢಚಾರರೆಂದು ಹಿಡಿದಿವೆ, ಹಿಂಸಿಸಿವೆ, ಕೊಂದಿವೆ. 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ನಾರ್ವೆಯ ರಾಫ್ಟೊ ಪ್ರಶಸ್ತಿಯೂ ಈ ಕೊಠಡಿಗಳಿಗೆ ಸಂದವು.

ಸತ್ತವರೆಷ್ಟು? ಖಚಿತ ಲೆಕ್ಕ ಯಾರಲ್ಲೂ ಇಲ್ಲ, 1.5 ಲಕ್ಷದವರೆಗೆ ಇರಬಹುದೆಂದು ಅಮೆರಿಕದ ಹಿಂದಿನ ವಿಶೇಷ ಪ್ರತಿನಿಧಿ ಹೇಳಿದ್ದರು. ಲಂಡನ್ನಿನ ಆರೋಗ್ಯ ಸಂಶೋಧಕರು ಖಾರ್ಟೂಮ್ ಪ್ರಾಂತವೊಂದನ್ನೇ ಹಿಡಿದು ಮೊದಲ 14 ತಿಂಗಳಲ್ಲಿ ಎಲ್ಲ ಕಾರಣಗಳಿಂದ 61,000ಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜಿಸಿದರು. ಅವರಲ್ಲಿ ಹಿಂಸೆಯಿಂದ ಸತ್ತವರು 26,000. ಉಳಿದವರಲ್ಲಿ ಚಿಕಿತ್ಸೆ ಸಿಗದೆ, ರೋಗದಿಂದ, ಹಸಿವೆಯಿಂದ ಹೋದವರು ಬಹಳ. ಹೆಂಗಸರ ಮೇಲಿನ ಅತ್ಯಾಚಾರ ಆರ್‌ಎಸ್‌ಎಫ್ ಹಿಡಿದ ಊರೂರಲ್ಲೂ ನಡೆಯಿತು. 2024ರಿಂದ ಅತ್ಯಾಚಾರಕ್ಕೊಳಗಾದ 221 ಮಕ್ಕಳ ದಾಖಲೆ ಯುನಿಸೆಫ್ ಬಳಿ ಇದೆ. ಅವರಲ್ಲಿ ಒಂದು ವರ್ಷದ ಕೂಸುಗಳೂ ಇವೆ.

ಹೊರಗಿನವರು ಮತ್ತು ನ್ಯಾಯ

ಡಾರ್ಫರಿನ ಚಿನ್ನ ಹೋಗುವುದು ಬಹುಪಾಲು ದುಬೈ ಪೇಟೆಗೆ. ಸಂಯುಕ್ತ ಅರಬ್ ಎಮಿರೇಟ್ಸ್ ಆರ್‌ಎಸ್‌ಎಫ್‌ಗೆ ಆಯುಧ ಪೂರೈಸುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರು ಬರೆದರು. ಎಮಿರೇಟ್ಸ್ ನಿರಾಕರಿಸುತ್ತಲೇ ಇದೆ. ಕೊಲಂಬಿಯಾದ ಮಾಜಿ ಸೈನಿಕರು ಕೂಲಿಗಾಗಿ ಆರ್‌ಎಸ್‌ಎಫ್ ಪರ ಹೋರಾಡಿದ್ದು ಬಯಲಾಗಿದೆ. ಸೇನೆಯ ಬೆನ್ನಿಗೆ ಈಜಿಪ್ಟ್ ಇದೆ. ಎಮಿರೇಟ್ಸ್ ವಿರುದ್ಧ ಸುಡಾನ್ ಹೂಡಿದ ದಾವೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಮೇ 5ರಂದು ತನ್ನ ವ್ಯಾಪ್ತಿಗೆ ಬಾರದೆಂದು ಕೈಬಿಟ್ಟಿತು. ಜಿದ್ದಾದಲ್ಲಿ ಯುದ್ಧದ ಮೊದಲ ತಿಂಗಳಲ್ಲೇ ಆದ ಒಪ್ಪಂದದಿಂದ ಹಿಡಿದು ಅಮೆರಿಕ, ಸೌದಿ ಅರೇಬಿಯಾ, ಈಜಿಪ್ಟ್, ಎಮಿರೇಟ್ಸ್ 2025ರ ಸೆಪ್ಟೆಂಬರಿನಲ್ಲಿ ಮುಂದಿಟ್ಟ ಮೂರು ತಿಂಗಳ ಕದನವಿರಾಮದವರೆಗೆ ಯಾವ ಸಂಧಾನವೂ ನಿಂತಿಲ್ಲ. ಯುದ್ಧಕ್ಕೆ ಇಂಧನ ಹಾಕುವವರೇ ಸಂಧಾನದ ಮೇಜಿನ ಸುತ್ತ ಕೂತರೆ ಬೇರೇನು ಆದೀತು? 2025ರ ಜುಲೈನಲ್ಲಿ ಆರ್‌ಎಸ್‌ಎಫ್ ಡಾರ್ಫರಿನ ನ್ಯಾಲಾದಲ್ಲಿ ತನ್ನದೇ ಸರ್ಕಾರ ಘೋಷಿಸಿತು. ಆಗ ಪೋರ್ಟ್ ಸುಡಾನಿನಲ್ಲಿ ಬುರ್ಹಾನ್ ಸರ್ಕಾರವಿತ್ತು. ದೇಶ ಮತ್ತೊಮ್ಮೆ ಒಡೆಯುವ ಅಪಾಯ ಕಣ್ಣೆದುರಿಗಿದೆ.

2025ರ ಅಕ್ಟೋಬರ್ 6ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅಲಿ ಕುಶೈಬ್ ಎಂಬ ಜಂಜವೀದ್ ನಾಯಕನನ್ನು 27 ಆರೋಪಗಳಲ್ಲಿ ತಪ್ಪಿತಸ್ಥನೆಂದು ಸಾರಿತು. ಡಿಸೆಂಬರಿನಲ್ಲಿ 20 ವರ್ಷದ ಸೆರೆವಾಸ ವಿಧಿಸಿತು. ಅವನ ಅಪರಾಧಗಳು 2003–04ರವು. ಡಾರ್ಫರಿಗೆ ಸಂಬಂಧಿಸಿ ಆ ನ್ಯಾಯಾಲಯ ಕೊಟ್ಟ ಮೊದಲ ತೀರ್ಪು ಅದು. 2005ರ ಭದ್ರತಾ ಮಂಡಳಿಯ ನಿರ್ಣಯದಂತೆ ಆ ನ್ಯಾಯಾಲಯದ ಅಧಿಕಾರ ಡಾರ್ಫರಿಗೆ ಸೀಮಿತ. ಖಾರ್ಟೂಮ್, ಗೆಜಿರಾ, ಕೊರ್ದೊಫಾನಿನ ಕೊಲೆಗಳು ಅದರ ಹೊರಗಿವೆ. ಆ ಅಧಿಕಾರವನ್ನೂ ಶಸ್ತ್ರಾಸ್ತ್ರ ನಿಷೇಧವನ್ನೂ ಇಡೀ ಸುಡಾನಿಗೆ ವಿಸ್ತರಿಸಬೇಕೆಂದು ವಿಶ್ವಸಂಸ್ಥೆಯದೇ ಸತ್ಯಶೋಧನಾ ತಂಡ 2024ರ ಸೆಪ್ಟೆಂಬರಿನಲ್ಲಿ ಕೇಳಿಕೊಂಡಿತು. 2025 ಮುಗಿಯುವವರೆಗೂ ಭದ್ರತಾ ಮಂಡಳಿ ಎರಡನ್ನೂ ಮಾಡಲಿಲ್ಲ.